ಹವಾನಾ, 1762: ಗುಂಡಿಗಿಂತ ಜ್ವರಕ್ಕೆ ಸತ್ತವರೇ ಹೆಚ್ಚು

1762ರ ಜೂನ್ 6ರಂದು ಬ್ರಿಟಿಷರ ಸುಮಾರು 200 ಹಡಗುಗಳು ಕ್ಯೂಬಾದ ಹವಾನಾ ಎದುರು ಕಾಣಿಸಿಕೊಂಡಾಗ, ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಮೊದಲು ನಂಬಲೇ ಇಲ್ಲ. ಜಮೈಕಾದಿಂದ ಹೊರಟ ವ್ಯಾಪಾರಿ ಹಡಗುಗಳಿರಬೇಕು ಅಂದುಕೊಂಡ. ನಂಬಿದ ಮೇಲೂ ಆತನಿಗೆ ಒಂದು ಭರವಸೆಯಿತ್ತು: ಶತ್ರುವನ್ನು ಸೋಲಿಸಬೇಕಿಲ್ಲ, ಕೋಟೆಯೊಳಗೆ ಕೂತು ದಿನ ತಳ್ಳಿದರೆ ಸಾಕು, ಉಳಿದದ್ದನ್ನು ಹಳದಿ ಜ್ವರ ನೋಡಿಕೊಳ್ಳುತ್ತದೆ.

ಇದು ಬರೀ ಹೇಡಿತನವಲ್ಲ. ನಮ್ಮಲ್ಲಿ ಡೆಂಗ್ಯೂ ಹರಡುವ ಏಡಿಸ್ ಈಜಿಪ್ಟೈ ಸೊಳ್ಳೆಯೇ ಅಲ್ಲಿ ಹಳದಿ ಜ್ವರವನ್ನೂ ಹರಡುತ್ತಿತ್ತು. ಸೊಳ್ಳೆ, ವೈರಸ್ ಎರಡೂ ಆಫ್ರಿಕಾದಿಂದ ಗುಲಾಮರನ್ನು ತಂದ ಹಡಗುಗಳಲ್ಲಿ ಬಂದಿಳಿದಿದ್ದವು. ಊರಲ್ಲಿ ಹುಟ್ಟಿ ಬೆಳೆದವರಲ್ಲಿ ಬಹಳಷ್ಟು ಜನಕ್ಕೆ ಬಾಲ್ಯದಲ್ಲೇ, ಹೆಚ್ಚಾಗಿ ಸೌಮ್ಯವಾಗಿ, ಈ ಜ್ವರ ಬಂದು ಹೋಗಿರುತ್ತಿತ್ತು. ಒಮ್ಮೆ ಬಂದು ಬದುಕಿದರೆ ಜೀವಮಾನವಿಡೀ ರಕ್ಷಣೆ. ಹೊಸದಾಗಿ ಬಂದ ಸಿಪಾಯಿಗೆ ಆ ಭಾಗ್ಯವಿರಲಿಲ್ಲ. ಆದರೆ ವೈರಸ್ಸಿಗೂ ಸಮಯ ಬೇಕು. ಸೊಳ್ಳೆಯ ಹೊಟ್ಟೆ ಸೇರಿದ್ದು ಅದರ ಜೊಲ್ಲಿಗೆ ತಲುಪಲು ಸುಮಾರು ಹತ್ತು ದಿನ, ಕಚ್ಚಿಸಿಕೊಂಡವನು ಮಲಗಲು ಮತ್ತೆ ಮೂರರಿಂದ ಆರು ದಿನ. ಹೀಗೆ ಕೆಲವು ಸುತ್ತು ಮುಗಿಯುವವರೆಗೆ ಶಿಬಿರದಲ್ಲಿ ಅಲ್ಲೊಬ್ಬ ಇಲ್ಲೊಬ್ಬ, ಆಮೇಲೆ ಸಾಲುಸಾಲಾಗಿ.

ಆ ಸಮಯವನ್ನು ಗಳಿಸಿಕೊಟ್ಟದ್ದು ಬಂದರಿನ ಬಾಯಲ್ಲಿದ್ದ ಎಲ್ ಮೊರೊ ಕೋಟೆ, ಅದನ್ನು ಕಾಯ್ದ ನೌಕಾಧಿಕಾರಿ ಲೂಯಿಸ್ ದೆ ವೆಲಾಸ್ಕೊ. ಪಕ್ಕದ ಕಬಾನ್ಯಾ ಗುಡ್ಡವನ್ನು ಬ್ರಿಟಿಷರು ಬೇಗನೆ ಹಿಡಿದರೂ ಅಲ್ಲಿ ಬರೀ ಕಲ್ಲು. ಕಂದಕ ತೋಡಲಾಗದೆ ಮಣ್ಣನ್ನು ಹೊತ್ತು ತರಬೇಕಾಯಿತು, ನೀರನ್ನೂ ಅಷ್ಟೇ. ಕೊನೆಗೆ ಗೋಡೆಯ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬಿ, ಜುಲೈ 30ರಂದು ಸಿಡಿಸಿ ಒಳನುಗ್ಗಿದರು. ಗಾಯಗೊಂಡ ವೆಲಾಸ್ಕೊ ಮರುದಿನ ತೀರಿಕೊಂಡ. ಆಗಸ್ಟ್ 13ರಂದು ಊರು ಶರಣಾಯಿತು.

ಗವರ್ನರನ ಲೆಕ್ಕ ತಪ್ಪಿದ್ದು ಕೆಲವೇ ವಾರಗಳಷ್ಟು ಅನ್ನಬೇಕು. ಗೆದ್ದವರ ಪಡೆ ಗೆದ್ದ ಊರಲ್ಲೇ ಕುಸಿಯಿತು. ಅಕ್ಟೋಬರ್ ನಡುವಿನ ಹೊತ್ತಿಗೆ ಕಾಳಗದಲ್ಲಿ ಸತ್ತ ಬ್ರಿಟಿಷ್ ಭೂಸೈನಿಕರು ಸುಮಾರು 560. ಕಾಯಿಲೆಯಿಂದ ಸತ್ತವರು 4,700ರಷ್ಟು. ಎಲ್ಲವೂ ಹಳದಿ ಜ್ವರವಲ್ಲ, ಆಮಶಂಕೆ, ಮಲೇರಿಯಾಗಳ ಪಾಲೂ ಇದೆ. ಇಷ್ಟಾಗಿ, ಯುದ್ಧ ಮುಗಿಸಿದ 1763ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಸ್ಪೇನಿನಿಂದ ಫ್ಲೋರಿಡಾ ಪಡೆದು ಹವಾನಾವನ್ನು ಹಿಂದಿರುಗಿಸಿತು!

ಸ್ಪೇನ್ ಕಲಿತ ಪಾಠ ಕಲ್ಲಿನದು: ಕಬಾನ್ಯಾ ಗುಡ್ಡದ ಮೇಲೆ 1774ರ ಹೊತ್ತಿಗೆ ಭಾರಿ ಕೋಟೆ ಎದ್ದಿತು. ಹವಾನಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಸೊಳ್ಳೆಯತ್ತ ಬೊಟ್ಟು ಮಾಡಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1900ರಲ್ಲಿ ಅಮೆರಿಕದ ಸೇನಾವೈದ್ಯ ವಾಲ್ಟರ್ ರೀಡ್ ತಂಡ ಅದನ್ನು ಪ್ರಯೋಗದಿಂದ ಸಾಬೀತುಪಡಿಸಿತು. ಮರುವರ್ಷ ಮನೆಮನೆಯ ನೀರಿನ ಪೀಪಾಯಿಗಳನ್ನು ಮುಚ್ಚಿಸಿ, ನಿಂತ ನೀರಿಗೆ ಎಣ್ಣೆ ಹೊಯ್ದರು. ಕೆಲವೇ ತಿಂಗಳಲ್ಲಿ ಜ್ವರ ಹವಾನಾ ಬಿಟ್ಟಿತು.