ಮೆದುಳಿನಲ್ಲಿ ಕ್ವಾಂಟಮ್ ಇದ್ದರೆ ಕಂಪ್ಯೂಟರ್ ಸೋತಂತೆಯೇ?

ಮನುಷ್ಯನ ಬುದ್ಧಿ ಕಂಪ್ಯೂಟರಿಗೆ ಎಂದೂ ದಕ್ಕದು ಎಂದು ವಾದಿಸಿದವರಲ್ಲಿ ರೋಜರ್ ಪೆನ್‌ರೋಸ್ ಹೆಸರು ದೊಡ್ಡದು. ಕಪ್ಪುಕುಳಿಗಳ ಗಣಿತಕ್ಕಾಗಿ 2020ರಲ್ಲಿ ನೊಬೆಲ್ ಪಡೆದ ಅವರು ಈ ವಾದ ಮುಂದಿಟ್ಟದ್ದು 1989ರಲ್ಲಿ. ಅಂಕಗಣಿತವನ್ನು ಒಳಗೊಂಡ, ವಿರೋಧಾಭಾಸವಿಲ್ಲದ ಯಾವ ನಿಯಮಾವಳಿಯಲ್ಲೂ ಸಾಧಿಸಿ ತೋರಿಸಲಾಗದ ಸತ್ಯಗಳು ಉಳಿದೇ ಉಳಿಯುತ್ತವೆ ಎಂದು ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್ 1931ರಲ್ಲಿ ತೋರಿಸಿದ್ದರು. ಅಂಥ ಸತ್ಯವೂ ಗಣಿತಜ್ಞನಿಗೆ ಹೊಳೆಯುತ್ತದಲ್ಲ, ಹಾಗಾದರೆ ಮನಸ್ಸು ಬರೀ ಲೆಕ್ಕದ ಯಂತ್ರವಲ್ಲ ಎನ್ನುತ್ತಾರೆ ಪೆನ್‌ರೋಸ್. ಗಣಿತಜ್ಞರೂ ತಪ್ಪು ಮಾಡುತ್ತಾರೆ ಎಂಬ ಆಕ್ಷೇಪದ ಎದುರು ಈ ತರ್ಕ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದೇ ನನಗನಿಸುತ್ತದೆ.

ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮರಾಫ್ ಜೊತೆ ಸೇರಿ ಅವರು ಪ್ರಜ್ಞೆಯ ಜಾಗವನ್ನೂ ಸೂಚಿಸಿದರು: ನರಕೋಶದೊಳಗೆ ಸುಮಾರು 25 ನ್ಯಾನೊಮೀಟರ್ ದಪ್ಪದ ಮೈಕ್ರೊಟ್ಯೂಬ್ಯೂಲ್ ಎಂಬ ಕೊಳವೆಗಳು. ಪ್ರಜ್ಞೆ ಹುಟ್ಟುವುದು ಅಲ್ಲಿ ನಡೆಯುವ ಕ್ವಾಂಟಮ್ ಕ್ರಿಯೆಗಳಿಂದ, ಅಂದರೆ ಪರಮಾಣುವಿನಂಥ ಅತಿ ಸಣ್ಣ ಕಣಗಳ ವಿಚಿತ್ರ ನಡವಳಿಕೆಯಿಂದ, ಎಂಬುದು ಅವರ ವಾದ. ಆದರೆ ಮೆದುಳು ಬೆಚ್ಚಗೆ, ಒದ್ದೆಯಾಗಿ, ಸದಾ ಗಿಜಿಗುಡುತ್ತಿರುವ ಜಾಗ. ಅಲ್ಲಿ ಕ್ವಾಂಟಮ್ ಸ್ಥಿತಿ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗವೂ ಉಳಿಯದು ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಹಾಕಿದರು. ನರಕೋಶದ ಒಂದು ಮಿಡಿತಕ್ಕೇ ಮಿಲಿಸೆಕೆಂಡು ಬೇಕು. ಹ್ಯಾಮರಾಫ್ ಬಳಗ ಆ ಲೆಕ್ಕವನ್ನು ಒಪ್ಪಲಿಲ್ಲ.

ಮೆದುಳು ಕ್ವಾಂಟಮ್ ಯಂತ್ರವೇ ಎಂದು ಒಪ್ಪಿಕೊಂಡರೂ ಕಂಪ್ಯೂಟರಿಗೆ ಬಾಗಿಲು ಮುಚ್ಚುವುದಿಲ್ಲ. ಕ್ವಾಂಟಮ್ ಕಂಪ್ಯೂಟರ್ ಬಿಡಿಸಬಲ್ಲ ಯಾವ ಲೆಕ್ಕವನ್ನೂ ಸಾಮಾನ್ಯ ಕಂಪ್ಯೂಟರ್ ಕೂಡ ಬಿಡಿಸಬಲ್ಲದು, ನಿಧಾನವಾಗಿ ಅಷ್ಟೆ. ಆ ನಿಧಾನವೂ ಸಣ್ಣದಲ್ಲ: ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕವಾದ ಕ್ಯೂಬಿಟ್‌ಗಳು ಬರೀ 50 ಇದ್ದರೂ ಅವುಗಳ ಸ್ಥಿತಿಯನ್ನು ಬರೆದಿಡಲು ಸುಮಾರು 1,100 ಲಕ್ಷ ಕೋಟಿ ಸಂಖ್ಯೆಗಳು ಬೇಕು. ಇದು ಪೆನ್‌ರೋಸ್‌ಗೂ ಗೊತ್ತು. ಅದಕ್ಕೇ ಅವರು ಈಗಿನ ಕ್ವಾಂಟಮ್ ಸಿದ್ಧಾಂತಕ್ಕೆ ಜೋತುಬೀಳದೆ, ಗುರುತ್ವವನ್ನೂ ಒಳಗೊಂಡ, ಲೆಕ್ಕಕ್ಕೆ ಸಿಗದ ಹೊಸದೊಂದು ಭೌತವಿಜ್ಞಾನ ಬೇಕು ಎನ್ನುತ್ತಾರೆ. ಅದಕ್ಕೆ ಪುರಾವೆ ಇನ್ನೂ ಸಿಕ್ಕಿಲ್ಲ.

ಮೆದುಳನ್ನು ಕಂಪ್ಯೂಟರಿನಲ್ಲಿ ಅನುಕರಿಸಲು ನಿಜವಾದ ತೊಡಕು ಇರುವುದು ಇನ್ನೂ ಕೆಳಗಿನ ಮೆಟ್ಟಿಲಲ್ಲಿ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರಿನ ಹುಳುವಿಗಿರುವುದು 302 ನರಕೋಶ. ನಮಗೆ ಸುಮಾರು 8,600 ಕೋಟಿ. ಆ ಹುಳುವಿನ ನರಜಾಲದ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೂ ಅದರ ಬದುಕನ್ನು ಪೂರ್ತಿ ಅನುಕರಿಸುವ ಪ್ರೋಗ್ರಾಂ ಇವತ್ತಿಗೂ ಇಲ್ಲ. ಯಾವ ಕೊಂಡಿ ಉತ್ತೇಜಿಸುತ್ತದೆ, ಯಾವುದು ತಡೆಯುತ್ತದೆ, ಎಷ್ಟು ಬಲವಾಗಿ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಪ್ರಿನ್ಸ್‌ಟನ್ ವಿಜ್ಞಾನಿಗಳು ನರಕೋಶಗಳನ್ನು ಒಂದೊಂದಾಗಿ ಬೆಳಕಿನಿಂದ ಕೆಣಕಿ, ಉಳಿದವು ಹೇಗೆ ಸ್ಪಂದಿಸುತ್ತವೆ ಎಂದು ಅಳೆದು 2023ರಲ್ಲಿ ಪ್ರಕಟಿಸಿದರು. ನಕ್ಷೆ ನೋಡಿ ಊಹಿಸಿದ್ದಕ್ಕೂ ಅಳತೆಗೂ ಹೊಂದಾಣಿಕೆಯಾಗಲಿಲ್ಲ. ಕೆಲವು ಸಂಕೇತಗಳು ನರಗಳ ಕೊಂಡಿಯನ್ನೇ ಬಳಸದೆ, ರಾಸಾಯನಿಕಗಳ ರೂಪದಲ್ಲಿ ಮೈಯೊಳಗೆ ಹರಡಿ ದೂರದ ನರಕೋಶವನ್ನು ಮುಟ್ಟುತ್ತಿದ್ದವು.