ಮಾತ್ರೆ ನುಂಗಿ ಉಪವಾಸ ಕೂತರೆ ಶುಗರ್ ಇಳಿಯುವುದೇಕೆ?

ಏಕಾದಶಿ ದಿನ ಶಿರಸಿ ಕಡೆಯ ಮನೆಗಳಲ್ಲಿ, ನಸುಕಿಗೇ ಕಾರವಾರದ ಬೈತಖೋಲ ಬಂದರಿಗೆ ಹೊರಡುವವರಲ್ಲಿ ತೊಂದರೆ ಒಂದೇ: ಶುಗರ್ ಮಾತ್ರೆ ನುಂಗಿಯಾಗಿದೆ, ಹೊಟ್ಟೆಗೆ ಏನೂ ಬಿದ್ದಿಲ್ಲ. ಸ್ವಲ್ಪ ಹೊತ್ತಿಗೆ ಬೆವರು, ಕೈನಡುಕ, ತೊದಲು ಮಾತು. ತಪ್ಪು ಉಪವಾಸದ್ದೋ ಮಾತ್ರೆಯದ್ದೋ ಎಂದು ವಾದಿಸುವ ಮೊದಲು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿ ಏನಾಗುತ್ತದೆಂದು ನೋಡಬೇಕು.

1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಟೈಫಾಯ್ಡ್‌ಗೆಂದು ಕೊಟ್ಟ ಸಲ್ಫಾ ಔಷಧದಿಂದ ರೋಗಿಗಳ ಸಕ್ಕರೆ ಕುಸಿಯಿತು. 1950ರ ದಶಕದಲ್ಲಿ ಅದೇ ಜಾತಿಯ ಔಷಧ ಮಧುಮೇಹದ ಮಾತ್ರೆಯಾಗಿ ಬಂತು. ಅದು ಕೆಲಸ ಮಾಡುವ ಬಗೆ ತಿಳಿಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಕೂದಲಿಗಿಂತ ಸಣ್ಣ ಗಾಜಿನ ನಳಿಕೆಯ ತುದಿಯನ್ನು ಕೋಶಕ್ಕೆ ಅಂಟಿಸಿ ಪೊರೆಯಲ್ಲಿ ಪೊಟ್ಯಾಸಿಯಂನಂಥ ಕಣಗಳು ಹಾಯುವ ಕಿಂಡಿಗಳಾದ ಚಾನೆಲ್‌ಗಳಲ್ಲಿ ಒಂದೊಂದರದ್ದೇ ವಿದ್ಯುತ್ತು ಅಳೆಯುವ ವಿಧಾನ ಬಂದ ಮೇಲೆ, 1984ರಲ್ಲಿ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ಗ್ಲೂಕೋಸ್ ಮುಚ್ಚಿಸುವ ಪೊಟ್ಯಾಸಿಯಂ ಚಾನೆಲ್ಲನ್ನು ಗುರುತಿಸಿದರು.

ಉಪವಾಸವಿದ್ದಾಗ ಈ ಚಾನೆಲ್ ತೆರೆದಿರುತ್ತದೆ. ಪೊಟ್ಯಾಸಿಯಂ ಹೊರಗೆ ಸೋರುತ್ತಾ ಕೋಶದ ಒಳಭಾಗ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ರಕ್ತದ ಸಕ್ಕರೆ ಸುಮಾರು 90 ಮಿ.ಗ್ರಾಂ ದಾಟಿದರೆ ಗ್ಲೂಕೋಸ್ ಕೋಶದೊಳಗೆ ಹೆಚ್ಚು ಉರಿದು ಕೋಶದ ಇಂಧನವಾದ ಎಟಿಪಿ ಏರುತ್ತದೆ. ಎಟಿಪಿ ಚಾನೆಲ್ಲನ್ನು ಮುಚ್ಚುತ್ತದೆ. ಋಣ 50ರ ಆಸುಪಾಸಿಗೆ ಇಳಿದಾಗ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದುಕೊಳ್ಳುತ್ತವೆ. ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಹೆಚ್ಚಿರುವುದರಿಂದ ಅದು ಒಳನುಗ್ಗುತ್ತದೆ, ಇನ್ಸುಲಿನ್ ತುಂಬಿದ ಕಣಗಳು ಪೊರೆಗೆ ಬೆಸೆದು ಹೊರಕ್ಕೆ ಸುರಿಯುತ್ತವೆ. ಪೊರೆಯ ಪಕ್ಕದಲ್ಲೇ ಸಿದ್ಧವಿರುವ ಕಣಗಳು ಕೆಲವೇ. ಹಾಗಾಗಿ ಮೊದಲ ಅಲೆ ಹತ್ತು ನಿಮಿಷದೊಳಗೆ ಮುಗಿದು, ಆಮೇಲೆ ನಿಧಾನ.

ಆ ಸಲ್ಫಾ ಔಷಧದ ಜಾತಿಯವೇ ಆದ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ನೇರವಾಗಿ ಈ ಚಾನೆಲ್‌ಗೇ ಅಂಟಿ ಅದನ್ನು ಮುಚ್ಚುತ್ತವೆ. ಎಟಿಪಿ ಏರಲೆಂದು ಕಾಯುವುದಿಲ್ಲ. ಸಕ್ಕರೆ 60ಕ್ಕೆ ಬಂದರೂ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಇನ್ನೊಂದು ಬಗೆಯ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಈ ಚಾನೆಲ್ಲನ್ನು ಮುಟ್ಟುವುದಿಲ್ಲ. ಆದರೆ ಎರಡೂ ಸೇರಿದ ಒಂದೇ ಮಾತ್ರೆ ಅಂಗಡಿಗಳಲ್ಲಿ ಧಾರಾಳ. ತಾವು ಯಾವುದನ್ನು ನುಂಗುತ್ತಿದ್ದೇವೆಂದು ಎಷ್ಟೋ ಮಂದಿಗೆ ಗೊತ್ತಿಲ್ಲ. ಚೀಟಿ ಬರೆಯುವಾಗ ‘ಊಟ ಎಷ್ಟೊತ್ತಿಗೆ, ಉಪವಾಸ ಉಂಟಾ’ ಎಂದು ಕೇಳುವುದು ಡೋಸಿನಷ್ಟೇ ಮುಖ್ಯ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ, ಅಂದರೆ 15 ಗ್ರಾಂ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಸರಿಯಾದ ಮೇಲೆ ಗಂಜಿಯೋ ಅನ್ನವೋ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಎದ್ದು ಕೂತರೆಂದು ಅಲ್ಲಿಗೇ ಬಿಡುವುದೂ ತಪ್ಪು: ಸಕ್ಕರೆ ನೀರಿನ ಬಲ ಬೇಗ ಮುಗಿಯುತ್ತದೆ, ಮಾತ್ರೆಯದ್ದು ದಿನವಿಡೀ ಉಳಿಯಬಹುದು, ಕಿಡ್ನಿ ಸೋತವರಲ್ಲಿ ಇನ್ನೂ ಹೆಚ್ಚು. ಅದಕ್ಕೇ ಇಂಥವರನ್ನು 24 ಗಂಟೆಯಾದರೂ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುವುದು.