ಮಳೆ ನಂಬಿದ ಮೆಕ್ಕೆಜೋಳಕ್ಕೆ ಯೂರಿಯಾ ಯಾವಾಗ?

ಯೂರಿಯಾ ಹಾಕಿದ ಒಂದೆರಡು ವಾರದಲ್ಲಿ ಮೆಕ್ಕೆಜೋಳ ಕಡುಹಸಿರಾಗುತ್ತದೆ. ನೋಡೋಕೆ ಖುಷಿಯೇ. ಆದರೆ ಮಳೆಯಾಶ್ರಿತ ಹೊಲದಲ್ಲಿ ಆ ಹಸಿರನ್ನು ನಾನು ಅಷ್ಟು ಬೇಗ ನಂಬುವುದಿಲ್ಲ. ಗಿಡ ಚಿಕ್ಕದಿರುವಾಗಲೇ ಸಾರಜನಕ ಜಾಸ್ತಿ ಸಿಕ್ಕರೆ ಎಲೆ ಸೊಂಪಾಗಿ ಬೆಳೆಯುತ್ತದೆ. ಎಲೆ ಹೆಚ್ಚಿದಷ್ಟೂ ಮಣ್ಣಿನ ತೇವ ಬೇಗ ಖಾಲಿ. ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಅಷ್ಟು ದೊಡ್ಡ ಗಿಡವನ್ನು ಸಾಕುವ ನೀರು ನೆಲದಲ್ಲಿ ಇರುವುದಿಲ್ಲ. ಮೇವು ಬರುತ್ತದೆ, ಕಾಳು ಬರುವುದಿಲ್ಲ.

ಹಾಗಂತ ಗೊಬ್ಬರವನ್ನೇ ಬಿಟ್ಟರೆ? ಅದೂ ನಷ್ಟವೇ. ಒಂದು ಟನ್ ಕಾಳು ಕೊಡಲು ಗಿಡಗಳು ಸುಮಾರು 20ರಿಂದ 25 ಕೆಜಿ ಸಾರಜನಕ ಎಳೆದುಕೊಳ್ಳುತ್ತವೆ. 100 ಕೆಜಿ ಯೂರಿಯಾದಲ್ಲಿ ಇರುವ ಸಾರಜನಕ 46 ಕೆಜಿ. ಗಿಡಕ್ಕೆ ಬೇಕಾದ ಸಾರಜನಕದಲ್ಲಿ ಒಂದು ಪಾಲನ್ನು ಮಣ್ಣು, ಕೊಟ್ಟಿಗೆ ಗೊಬ್ಬರ ಕೊಡುತ್ತವೆ. ಹಾಕಿದ ಯೂರಿಯಾದಲ್ಲೂ ಒಂದಿಷ್ಟು ಗಿಡಕ್ಕೆ ಸಿಗದೆ ಹೋಗುತ್ತದೆ. ಆದರೂ ಲೆಕ್ಕದ ಅಂದಾಜು ಸಿಗುತ್ತದೆ, ಅಲ್ವಾ? ಎರಡು ಟನ್ ಬೆಳೆಸುವಷ್ಟೇ ಮಳೆ ಇರುವ ಕಡೆ ನಾಲ್ಕು ಟನ್ನಿನ ಗೊಬ್ಬರ ಸುರಿದರೆ ಅದನ್ನು ಉಣ್ಣುವವರು ಯಾರೂ ಇಲ್ಲ. ಸಾರಜನಕ ಬೇರಿಗೆ ತಲುಪುವುದೇ ನೀರಿನ ಜೊತೆ.

ಗಿಡಕ್ಕೆ ಹಸಿವಾಗುವುದು ಯಾವಾಗ ಅನ್ನುವುದು ಇಲ್ಲಿ ಮುಖ್ಯ. ಮೊದಲ ಮೂರು ವಾರ ಅದು ತೆಗೆದುಕೊಳ್ಳುವುದು ತೀರಾ ಕಡಿಮೆ. ಮೊಣಕಾಲೆತ್ತರ ದಾಟಿದ ಮೇಲೆ ಸೂಲಂಗಿವರೆಗೆ ಒಂದೇ ಸಮನೆ ಕೇಳುತ್ತದೆ. ತೆನೆಯಲ್ಲಿ ಎಷ್ಟು ಸಾಲು ಕಾಳು ಅನ್ನುವುದು ಮೊಣಕಾಲೆತ್ತರದ ಆಸುಪಾಸಿನಲ್ಲೇ ಗಿಡದೊಳಗೆ ತೀರ್ಮಾನವಾಗತೊಡಗುತ್ತದೆ. ಸಾಲಿನ ಉದ್ದ ಸೂಲಂಗಿಗೆ ಮುಂಚಿನ ವಾರಗಳಲ್ಲಿ ಗೊತ್ತಾಗುತ್ತದೆ. ಅದಕ್ಕೇ ನಾನು ಹೇಳುವುದು: ರಂಜಕ, ಪೊಟ್ಯಾಶ್ ಪೂರ್ತಿ ಬಿತ್ತನೆಗೇ ಕೊಡಿ, ಸಾರಜನಕದಲ್ಲಿ ಮೂರನೇ ಒಂದು ಪಾಲು ಮಾತ್ರ ಆಗ ಸಾಕು. ಇನ್ನೊಂದು ಪಾಲು ಮೊಣಕಾಲೆತ್ತರಕ್ಕೆ. ಕೊನೆಯದು ಸೂಲಂಗಿಗೆ ಸ್ವಲ್ಪ ಮುಂಚೆ, ಅದೂ ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ. ಮಳೆ ಇಲ್ಲದಿದ್ದರೆ ಚೀಲ ಹಾಗೇ ಇರಲಿ, ಮುಂದಿನ ಬೆಳೆಗಾಗುತ್ತದೆ.

ಬಿತ್ತನೆ ಗೊಬ್ಬರ ಬೀಜಕ್ಕೆ ತಾಗಬಾರದು. ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಗೆ ಬಿದ್ದರೆ ಒಳ್ಳೆಯದು. ರಂಜಕ ಮಣ್ಣಿನಲ್ಲಿ ಓಡಾಡುವುದಿಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ಬೆಳೆದು ನಿಂತ ಗಿಡಕ್ಕೆ ಕೊಡುವ ಮೇಲುಗೊಬ್ಬರದ ಯೂರಿಯಾವನ್ನು ಸುಮ್ನೆ ಎರಚಿ ಬಿಟ್ಟರೆ, ಅದರಲ್ಲೂ ನೆಲ ಹಸಿಯಾಗಿದ್ದು ಮೇಲೆ ಬಿಸಿಲು ಹೊಡೆದರೆ, ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸಾಲಿನ ಪಕ್ಕ ಹಾಕಿ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ.

ಹಳದಿ ಎಲೆ ಕಂಡ ತಕ್ಷಣ ಯೂರಿಯಾ ಅನ್ನಬೇಡಿ. ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಾ ಬಂದರೆ ಸಾರಜನಕದ ಕೊರತೆ. ಅದೇ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಶ್. ಎಳೆಯ ಎಲೆಗಳ ಬುಡದಲ್ಲಿ, ನಡುನರದ ಎರಡೂ ಬದಿಗೆ ಬಿಳಿಚಿದ ಪಟ್ಟಿ ಕಂಡರೆ ಸತುವಿನ (ಜಿಂಕ್) ಕೊರತೆ. ಎಳೆ ಗಿಡ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕ ಸಾಲುತ್ತಿಲ್ಲ ಅಂತ. ಚಳಿಗೂ ಹೀಗಾಗುವುದುಂಟು. ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡಿದ್ದರೆ ಅದು ಬಾಯಾರಿಕೆ, ಗೊಬ್ಬರ ಹಾಕುವ ಹೊತ್ತಲ್ಲ.

ಕೊಯ್ಲಿನಲ್ಲಿ ತೆನೆ ಸುಲಿದಾಗಲೂ ಲೆಕ್ಕ ಕಾಣುತ್ತದೆ. ತೆನೆ ಗಿಡ್ಡವಾಗಿದ್ದರೆ ಸೂಲಂಗಿಗೆ ಮೊದಲೇ ನೀರೋ ಸಾರಜನಕವೋ ಕಡಿಮೆ ಬಿದ್ದಿದೆ. ತೆನೆ ಉದ್ದವಿದ್ದು ಕಾಳು ಅಲ್ಲಲ್ಲಿ ಮಾತ್ರ ಇದ್ದರೆ ಹೂವಿನ ಹೊತ್ತಿನ ಬರ ಅದು. ಸೂಲಂಗಿಯ ಪರಾಗ ಉದುರಿ ಮುಗಿದ ಮೇಲೆ ಪರಾಗ ಹಿಡಿಯಬೇಕಾದ ತೆನೆಯ ರೇಷ್ಮೆ ಎಳೆ ಹೊರಬಂದಿರುತ್ತದೆ. ಇದನ್ನು ಯಾವ ಗೊಬ್ಬರವೂ ಸರಿಮಾಡುವುದಿಲ್ಲ.

ಮುಂದಿನ ಸಲ ಹೊಲದ ನಡುವೆ ನಾಲ್ಕು ಸಾಲಿಗೆ ಕೊನೆಯ ಕಂತು ಹಾಕದೆ ಗುರುತು ಮಾಡಿ ಬಿಡಿ. ಅದರ ಕಾಳನ್ನೂ ಪಕ್ಕದ ನಾಲ್ಕು ಸಾಲಿನದ್ದನ್ನೂ ಬೇರೆ ಬೇರೆ ತೂಗಿ ನೋಡಿ.